ಬಿಲ್ಲಿಲ್ಲದ ಖೋವಾ

ಕೊಪ್ಪಳದ ಜವಾಹರ ರಸ್ತೆಯ ಅಂಗಡಿಯೊಂದರಲ್ಲಿ ಮೊನ್ನೆ ಜಾಮೂನಿಗೆಂದು ಖೋವಾ ತೂಗಿಸುತ್ತ ನಿಂತಿದ್ದಾಗ, ಆಗಷ್ಟೇ ಒಳಬಂದ ಆಹಾರ ಸುರಕ್ಷತಾ ಅಧಿಕಾರಿ ನನ್ನನ್ನು ಸಾಕ್ಷಿಯಾಗುವಿರಾ ಎಂದು ಕೇಳಿದರು. ಉಳಿದ ಗಿರಾಕಿಗಳು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಇಂತಹ ಹೊತ್ತಿನಲ್ಲಿ ಯಾರಾದರೂ ಹಾಜರಿದ್ದು ಸಹಿ ಮಾಡಬೇಕೆಂದು ಕಾನೂನೇ ಹೇಳುವುದರಿಂದ ನಾನು ಒಪ್ಪಿಕೊಂಡೆ.

ಆ ಅಧಿಕಾರಿ ಚಿಕ್ಕ ವಯಸ್ಸಿನವರು. ದನಿ ಏರಿಸದೆ, ಯಾವ ಹೆಜ್ಜೆಯನ್ನೂ ಬಿಡದೆ ಕೆಲಸ ಮಾಡಿದ ಅವರ ಮೇಲೆ ನನಗೆ ಗೌರವ ಮೂಡಿತು. ಮೊದಲು, ಪರೀಕ್ಷೆಗೆ ಮಾದರಿ ತೆಗೆಯುವುದಾಗಿ ತಿಳಿಸುವ ನಮೂನೆ 5-ಎ ನೋಟಿಸ್ ಕೊಟ್ಟರು. ಮಾದರಿಯ ಬೆಲೆಯನ್ನು ಎಣಿಸಿ ಗಲ್ಲೆಯ ಮೇಲಿಟ್ಟರು. ದುಡ್ಡು ಬೇಡವೆಂದು ಅಂಗಡಿಯವರು ಕೈ ಮುಗಿದರೂ, ಬೆಲೆ ಕೊಡದೆ ಮಾದರಿ ಒಯ್ಯುವಂತಿಲ್ಲವೆಂದು ತಿಳಿಸಿ ಹೇಳಿದರು. ಖೋವಾವನ್ನು ನಾಲ್ಕು ಭಾಗ ಮಾಡಿ ಮುದ್ರೆ ಒತ್ತಿದರು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು, ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಂಕಿತಾಧಿಕಾರಿಗೆ; ಉಳಿದದ್ದು, ಅಂಗಡಿಯವರು ಬಯಸಿದರೆ, ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ.

ಆಮೇಲೆ ಅವರು ಕೇಳಿದರು: “ಇದನ್ನ ಯಾರ ಕಡೆಯಿಂದ ತಗೊಂಡ್ರಿ? ಬಿಲ್ ತೋರಸ್ರಿ.”

“ಬಿಲ್ ಕೇಳಿದ್ರ ಮಾಲ ಕೊಡೂದಿಲ್ರಿ ಮೇಡಂ.”

ಡಬ್ಬಿಯ ಮೇಲೆ ಹೆಸರು, ತಾರೀಕು, 14 ಅಂಕಿಯ ಪರವಾನಗಿ ಸಂಖ್ಯೆ ಯಾವುದೂ ಇರಲಿಲ್ಲ. ಬೆಳಗಿನ ಬಸ್ಸಿಗೆ ಮಾಲು ಬರುತ್ತದೆ, ಹಮಾಲ ಇಳಿಸುತ್ತಾನೆ, ಯಾರೋ ಬಂದು ರೊಕ್ಕ ಒಯ್ಯುತ್ತಾರೆ. ಅಂಗಡಿಯವರಿಗೆ ಗೊತ್ತಿದ್ದದ್ದು ಇಷ್ಟೇ.

ಹಾಗೆಂದು ಅವರನ್ನು ಅಮಾಯಕರೆಂದು ನಾನು ಒಪ್ಪುವುದಿಲ್ಲ. ಕಿಲೋಗೆ 160 ರೂಪಾಯಿಯಂತೆ ತಂದದ್ದೆಂದು ಅವರೇ ಹೇಳಿದರು. ಹಸುವಿನ ಹಾಲಾದರೆ ಒಂದು ಕಿಲೋ ಖೋವಾಕ್ಕೆ ಸುಮಾರು 5 ಲೀಟರ್ ಬೇಕು. ಲೀಟರಿಗೆ 40 ರೂಪಾಯಿ ದಾಟಿದ ಹಾಲನ್ನು ಕಾಯಿಸಿ, ಇಂಗಿಸಿ, ಸಾಗಣೆಯ ಖರ್ಚನ್ನೂ ಹೊತ್ತು ಆ ದರಕ್ಕೆ ಕೊಡಲು ಹೇಗೆ ಸಾಧ್ಯವೆಂಬ ಲೆಕ್ಕ, ದಿನವೂ ತಕ್ಕಡಿ ಹಿಡಿಯುವವರಿಗೆ ಹೊಳೆಯದೆ ಇರಲಾರದು. ಒಣ ಅಂಶದಲ್ಲಿ ಶೇ 30ರಷ್ಟಾದರೂ ಇರಬೇಕಾದ ಹಾಲಿನ ಕೊಬ್ಬಿನ ಜಾಗದಲ್ಲಿ ಡಾಲ್ಡಾದಂತಹ ವನಸ್ಪತಿಯನ್ನೂ, ತೂಕಕ್ಕೆ ಪಿಷ್ಟವನ್ನೂ ಬೆರೆಸಿದ ಮಾಲನ್ನು ನಮ್ಮ ಮಕ್ಕಳು ಹಾಲೆಂದು ನಂಬಿ ತಿನ್ನುತ್ತಾರೆ. ಅದಕ್ಕೆ ಶಿಕ್ಷೆಯಾಗಲೇಬೇಕು.

ಆದರೂ ಆ ಒಂದು ಮಾತು ನನ್ನನ್ನು ಬಿಡುತ್ತಿಲ್ಲ: ಬಿಲ್ ಕೇಳಿದರೆ ಮಾಲು ಕೊಡುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 26ನೆಯ ಕಲಮಿನ ಪ್ರಕಾರ ವ್ಯಾಪಾರಿಗೆ ಆಹಾರ ಪದಾರ್ಥ ಮಾರುವವರು ಅದರ ಗುಣಮಟ್ಟದ ಬಗ್ಗೆ ಬರವಣಿಗೆಯಲ್ಲಿ ಖಾತರಿ ಕೊಡಬೇಕು, ಬಿಲ್ಲನ್ನೇ ಆ ಖಾತರಿಯೆಂದು ತಿಳಿಯಲಾಗುತ್ತದೆ. ಮಾಲು ಯಾರಿಂದ ಬಂತೆಂದು ಗುರುತಿಸಲಾಗದಿದ್ದರೆ ಹೊಣೆ ಮಾರಿದವನದೇ ಎನ್ನುತ್ತದೆ 27ನೆಯ ಕಲಮು. ಬಿಲ್ ಕೊಡದಿರುವುದು ದೊಡ್ಡ ವ್ಯಾಪಾರಿಗೆ ರಕ್ಷಣೆಯಾಗುವುದೂ, ಅದೇ ಬಿಲ್ಲಿನ ಕೊರತೆ ಸಣ್ಣವನ ಕುತ್ತಿಗೆಗೆ ಬೀಳುವುದೂ ಇಲ್ಲಿಯೇ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಮಾಲು ಕಳಪೆಯೆಂದಾದರೆ ಅಪರ ಜಿಲ್ಲಾಧಿಕಾರಿಗಳು 5 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅಸುರಕ್ಷಿತವೆಂದಾದರೆ ಪ್ರಕರಣ ಕ್ರಿಮಿನಲ್ ನ್ಯಾಯಾಲಯಕ್ಕೆ ಹೋಗುತ್ತದೆ, ಜೈಲೂ ಆಗಬಹುದು. ಆ ಕಟಕಟೆಯಲ್ಲಿ ನಿಲ್ಲುವವರು ಇವರೊಬ್ಬರೇ. ಡಬ್ಬಿ ತುಂಬಿದವನು ಮರುದಿನ ಇನ್ನೊಂದು ಅಂಗಡಿಗೆ ಡಬ್ಬಿ ಇಳಿಸುತ್ತಾನೆ.

“ಸಣ್ಣವರ ಮ್ಯಾಲೇ ಯಾಕ್ರಿ ನಿಮ್ಮ ಜೋರು?” ಎಂದು ರಸ್ತೆಯಿಂದ ಒಬ್ಬರು ಕೂಗಿದರು. ಸಾಕ್ಷಿಗೆ ನಿಲ್ಲದೆ ಇಳಿದು ಹೋದವರಲ್ಲಿ ಅವರೂ ಒಬ್ಬರೆಂಬುದು ನನಗೆ ಬೇಸರ ತಂದಿತು. ಪ್ರಶ್ನೆ ಮಾತ್ರ ತಪ್ಪಲ್ಲ. ಸಣ್ಣವರನ್ನು ಬಿಟ್ಟುಬಿಡುವುದು ಅದಕ್ಕೆ ಉತ್ತರವಲ್ಲ. ಅವರ ಬಾಯಿಂದ ಬಂದ ಮಾತನ್ನು ಹಿಡಿದು ಬಸ್ಸಿನ ಸಾಮಾನು ಚೀಟಿ, ರೊಕ್ಕ ಒಯ್ಯುವವನ ಫೋನ್ ನಂಬರು, ಅಲ್ಲಿಂದ ಖೋವಾ ಕಾಯಿಸುವ ಭಟ್ಟಿಯವರೆಗೆ ಹೋಗುವುದು ಉತ್ತರ. ಒಂದೇ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಡಬ್ಬಿ ಇಳಿಯುವ ಹೊತ್ತಿಗೆ ನಿಂತರೂ ಅರ್ಧ ಸರಪಳಿ ಕೈಗೆ ಸಿಗುತ್ತದೆ.

ನಾನು ಸಹಿ ಮಾಡಿದ ಮಹಜರನ್ನು ಎರಡು ಸಲ ಓದಿದ್ದೇನೆ. ಅದರಲ್ಲಿ ತೂಕ, ವೇಳೆ, ಮುದ್ರೆ ಎಲ್ಲವೂ ಸರಿಯಾಗಿವೆ. ಅಂಗಡಿಯವರ ಆ ಉತ್ತರದ ಜಾಗದಲ್ಲಿ “ಬಿಲ್ ಹಾಜರುಪಡಿಸಿಲ್ಲ” ಎಂದಷ್ಟೇ ಇದೆ. ಸೇರಿಸಿರೆಂದು ಕೇಳಿದಾಗ, ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲವೆಂದು ಅಧಿಕಾರಿ ಸೌಜನ್ಯದಿಂದಲೇ ಹೇಳಿದರು. ಹೀಗಾಗಿ ಆ ಮಾತನ್ನು ಬರೆದು, ಸಹಿ ಮಾಡಿ, ಅಂಕಿತಾಧಿಕಾರಿಗಳಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ವಿಚಾರಣೆಗೆ ಕರೆದರೆ ಅಂಗಡಿಯವರು ತಿಳಿದೇ ಮಾರಿದರೆಂಬ ನನ್ನ ಅಭಿಪ್ರಾಯವನ್ನು ಅವರ ಎದುರಿಗೇ ಹೇಳುತ್ತೇನೆ, ಬಿಲ್ ಕೊಡದವನನ್ನು ಹುಡುಕಿದಿರಾ ಎಂದು ಇಲಾಖೆಯನ್ನೂ ಕೇಳುತ್ತೇನೆ.