ಎಂಟು ಅಕ್ಷರಕ್ಕೆ ನಿಂತ ಹೆಸರು

ಇವತ್ತು ದಾವಣಗೆರೆ ಮನೆಯ ಬೀರುವಿನಲ್ಲಿ ಅಪ್ಪ ಬರ್ನ್ ಮಾಡಿಟ್ಟಿದ್ದ ಸಿಡಿ ಸಿಕ್ಕಿತು. ಚಿತ್ರದುರ್ಗದ ಕೋಟೆಗೆ ಹೋದಾಗಿನ ಫೋಟೋಗಳು.

ಇಡೀ ಸಿಡಿಯನ್ನು ಒಂದೇ ಫೈಲಾಗಿ (ಇಮೇಜ್) ನಕಲು ಮಾಡಿಕೊಂಡು, ಅಂಥ ಫೈಲುಗಳನ್ನು ಓದುವ ಪೈಥಾನ್ ಲೈಬ್ರರಿ ಪೈಸಿಡಿಲಿಬ್‌ನಲ್ಲಿ ತೆರೆದೆ. ಸಿಡಿಯಲ್ಲಿ ಇರುವುದು 2048 ಬೈಟಿನ ತುಂಡುಗಳು, ಅಂದರೆ ಸೆಕ್ಟರ್‌ಗಳು, ಮೊದಲ 16 ಬಿಟ್ಟು ಆಮೇಲೆ ಸಿಡಿಯ ವಿವರ ಶುರು. ಅದನ್ನೆಲ್ಲ ಲೈಬ್ರರಿಯೇ ನೋಡಿಕೊಳ್ಳುತ್ತದೆ.

ನಾನು ನಿಂತಿದ್ದು ಒಂದು ಹೆಸರಿನ ಹತ್ತಿರ. 'AKKATANG.JPG;1'.

ಸಿಡಿಯಲ್ಲಿ ಫೈಲುಗಳನ್ನು ಜೋಡಿಸುವ ನಿಯಮ ಐಎಸ್‌ಒ 9660. ಅದರ ಮೊದಲ ಹಂತದಲ್ಲಿ ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರ, ಎಲ್ಲವೂ ದೊಡ್ಡಕ್ಷರ. ಕೊನೆಯ ;1 ಫೈಲಿನ ಆವೃತ್ತಿ ಸಂಖ್ಯೆ. ಅದನ್ನು ಬಿಟ್ಟು ಕೇಳಿದರೆ ಫೈಲ್ ಸಿಗಲ್ಲ.

ಆಮೇಲೆ ನೆನಪಾಯಿತು, ಜೋಲಿಯೆಟ್ ಇರಬಹುದು ಅಂತ. ಅದೇ ಸಿಡಿಯಲ್ಲಿ ಉದ್ದ ಹೆಸರುಗಳಿಗೆ ಇನ್ನೊಂದು ಪಟ್ಟಿ. ಫೋಟೋ ಒಂದೇ, ಹೆಸರು ಎರಡು. ಆ ದಾರಿಯಲ್ಲಿ ಕೇಳಿದೆ. ಪೂರ್ತಿ ಬಂತು.

'ಅಕ್ಕತಂಗಿ ಹೊಂಡ ಅವ್ವ ಸುಸ್ತಾಗಿ ಕೂತಿದ್ದು'.

ಅಪ್ಪ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಇಷ್ಟುದ್ದ ಹೆಸರಿಗೆ ಎಷ್ಟು ಹೊತ್ತು ಹಿಡಿದಿರಬೇಕು, ಅಲ್ವಾ? ಸುಮ್ನೆ ಒಂದು ನಂಬರ್ ಹಾಕಿಬಿಡಬಹುದಿತ್ತು. ಹಾಕಲಿಲ್ಲ.

ಅಡುಗೆಮನೆಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಒಲೆ ಸಣ್ಣ ಮಾಡಿ, "ಇನ್ನೊಂದ್ ಸಲ ಓದು" ಅಂದಳು.