ಕೊಟ್ಟವರು ಯಾರು?

ಮಂಗಳವಾರ ಬೆಳಿಗ್ಗೆ ಆ ಸಣ್ಣ ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ ಯಾರೋ ಚೀಲವೊಂದನ್ನು ಇಟ್ಟು ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಅದು ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಮೇಡಂ ಮೇಜಿನ ಮೇಲಿತ್ತು. ಒಳಗೆ ತಾಳೆಗರಿಯ ಕಟ್ಟು. ಮೇಲಿನ ಹಲಗೆಗೆ ಯಾವ ಕಾಲದ ಪೂಜೆಯದೋ ಅರಿಸಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಗರಿಗಳ ಅಂಚನ್ನು ಹುಳು ತಿಂದು ಜಾಲರಿ ಮಾಡಿತ್ತು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಒಂದು ಚೀಟಿ: ‘ಮನೆ ಪಾಲಾಯಿತು. ಇದು ನಿಮ್ಮಲ್ಲೇ ಇರಲಿ.’ ಹೆಸರಿಲ್ಲ, ಊರಿಲ್ಲ.

“ಇನ್ನು ಇದು ನಿಮ್ಮದೇ ಆಯಿತಲ್ಲ ಮೇಡಂ” ಎಂದೆ.

“ಕೊಟ್ಟವರು ಯಾರು?”

“ಚೀಟಿ ಇದೆಯಲ್ಲ.”

“ಅದೇ, ಕೊಟ್ಟವರು ಯಾರು?”

ಸಂಗ್ರಹಾಲಯದ ಸ್ವಂತ ವಸ್ತುಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರನ್ನು ಅವರು ಮುಟ್ಟಲೇ ಇಲ್ಲ. ಬೇರೊಂದು ಪುಸ್ತಕದಲ್ಲಿ ದಿನಾಂಕ ಬರೆದು, ಕಟ್ಟಿಗೆ ತಾತ್ಕಾಲಿಕ ಚೀಟಿ ಕಟ್ಟಿ ಕಪಾಟಿನಲ್ಲಿಟ್ಟರು. ಎಂಥ ಸರ್ಕಾರಿ ಬುದ್ಧಿ ಎಂದು ನನಗೆ ಆಗ ಸಿಟ್ಟೇ ಬಂತು. ಆದರೆ ಆ ಪ್ರಶ್ನೆ ವಾರವಿಡೀ ಬಿಡಲಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ದಾನವೆಂದರೆ ಕೊಡುವವನು ಸ್ವಇಚ್ಛೆಯಿಂದ ಕೊಡಬೇಕು, ಪಡೆಯುವವರು ಅವನು ಬದುಕಿರುವಾಗಲೇ ಒಪ್ಪಿಕೊಳ್ಳಬೇಕು. ಚರಸ್ವತ್ತಿಗೆ ನೋಂದಣಿಯೂ ಕಡ್ಡಾಯವಲ್ಲ, ಕೈಗೆ ಕೊಟ್ಟರೆ ಸಾಕು. ಆದರೆ ತನ್ನದಲ್ಲದ್ದನ್ನು ಕೊಡುವ ಹಕ್ಕು ಯಾರಿಗೂ ಇಲ್ಲ. ಮನೆ ಪಾಲಾಗಿದೆ ಎಂದ ಮೇಲೆ ಅಣ್ಣತಮ್ಮಂದಿರು ಇರಲೇಬೇಕು. ಈ ಕಟ್ಟು ಯಾರ ಪಾಲಿಗೆ ಬಂದಿತ್ತು? ಕಳವಿನ ಮಾಲೇ ಆಗಿದ್ದರೆ? ಇನ್ನು ‘ನಿಮ್ಮಲ್ಲೇ ಇರಲಿ’ ಎಂದರೆ ದಾನವೋ, ಸದ್ಯಕ್ಕೆ ಇಟ್ಟುಕೊಂಡಿರಿ ಎಂಬ ಮಾತೋ? ಇರಿಸಲು ಕೊಟ್ಟದ್ದು ಎಂದಾದರೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಡುವ ಮೂರು ವರ್ಷದ ಲೆಕ್ಕ ಶುರುವಾಗುವುದು, ಕೇಳಿದಾಗ ಕೊಡುವುದಿಲ್ಲ ಎಂದ ದಿನದಿಂದ. ಅಂದರೆ ನಲವತ್ತು ವರ್ಷದ ನಂತರ ಮೊಮ್ಮಗನೊಬ್ಬ ಬಂದು ಕೇಳಬಹುದು. ಅಮೆರಿಕದ ಹಲವು ರಾಜ್ಯಗಳು ಇದಕ್ಕೆಂದೇ ಕಾನೂನು ಮಾಡಿಕೊಂಡಿವೆ: ವಸ್ತುಸಂಗ್ರಹಾಲಯವು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ನಿಗದಿತ ಅವಧಿ ಕಾದು, ಯಾರೂ ಬಾರದಿದ್ದರೆ ವಸ್ತುವನ್ನು ತನ್ನದಾಗಿಸಿಕೊಳ್ಳಬಹುದು.

ನನ್ನನ್ನು ಕೇಳಿದರೆ, ಚೀಲ ಇಟ್ಟು ಹೋದ ಆಸಾಮಿ ಮುಗ್ಧನೇನಲ್ಲ. ಒಡೆದ ದೇವರ ಪಟವನ್ನು ಅಶ್ವತ್ಥಕಟ್ಟೆಯಲ್ಲಿಟ್ಟು ಕೈಮುಗಿದು ಬರುವವರ ಜಾತಿ ಅವನದು. ಎಸೆದ ಪಾಪವೂ ಬೇಡ, ಇಟ್ಟುಕೊಳ್ಳುವ ಕಷ್ಟವೂ ಬೇಡ. ತಾಳೆಗರಿಗೆ ಎಣ್ಣೆ ಸವರಬೇಕು, ಹುಳುವಿನಿಂದ ಕಾಯಬೇಕು. ಆ ಖರ್ಚೆಲ್ಲ ಈಗ ಮೇಡಂ ತಲೆಗೆ. ತಮ್ಮದೆಂದು ಬರೆದುಕೊಳ್ಳುವಂತಿಲ್ಲ, ಬೀದಿಗೆ ಹಾಕುವಂತೆಯೂ ಇಲ್ಲ. ಅವರು ಪಟ್ಟು ಹಿಡಿದದ್ದೇ ಸರಿ. ಹೆಸರು ಬರೆಯಲು ಒಂದು ಗೆರೆಯಷ್ಟು ಜಾಗವೂ ಆ ಕ್ಯಾಲೆಂಡರಿನಲ್ಲಿ ಇರಲಿಲ್ಲವೇ?

ನಿನ್ನೆ ಅತ್ತೆ ಫೋನ್ ಮಾಡಿ, ಅಜ್ಜನ ತಂಬೂರಿಯನ್ನು ಯಾವುದಾದರೂ ಮ್ಯೂಸಿಯಂಗೆ ಕೊಟ್ಟುಬಿಡೋಣವೇ ಎಂದರು. ಕೊಡೋಣ, ಆದರೆ ಮೊದಲು ದೊಡ್ಡಪ್ಪ, ಚಿಕ್ಕಪ್ಪ ಎಲ್ಲರ ಸಹಿ ಬೇಕು ಎಂದೆ.

“ಅವರಿಬ್ಬರ ಸಹಿಯೇ? ಒಂದೇ ಕಾಗದದಲ್ಲೇ? ಅಟ್ಟದಲ್ಲೇ ಇರಲಿ ಬಿಡು” ಎಂದು ಅತ್ತೆ ಫೋನ್ ಇಟ್ಟರು.