ಕೆಂಪು ಗುರುತು ಎಣಿಸಬೇಡಿ, ಯಾವ ಬಗೆಯದೆಂದು ನೋಡಿ

ಪತ್ರಿಕೆಯಲ್ಲಿ ವರದಿಗಾರರ ಬರಹವನ್ನು ತಿದ್ದಿ ಬರೆಯುವ ಸುದ್ದಿ ಡೆಸ್ಕ್‌ಗೆ ಹೊಸದಾಗಿ ಸೇರಿದವರು ಆರು ತಿಂಗಳಾಗುವ ಹೊತ್ತಿಗೆ ಕುಗ್ಗಿಹೋಗುವುದುಂಟು. ಮೊದಲು ಕಣ್ಣಿಗೇ ಬೀಳದಿದ್ದ ತಪ್ಪುಗಳು ಈಗ ತಮ್ಮ ಕಾಪಿಯ (ಅಚ್ಚಿಗೆ ಸಿದ್ಧಪಡಿಸಿದ ಬರಹದ) ತುಂಬ ಕಾಣುತ್ತವೆ. ಕೈಗಿಂತ ಕಣ್ಣು ಬೇಗ ಪಳಗುತ್ತದೆ, ಅದಕ್ಕೇ ಹೀಗೆ. ನಿನ್ನೆ ಬರೆದದ್ದನ್ನು ಇವತ್ತು ಓದಿದರೆ ಸುಧಾರಣೆ ಕಾಣುವುದಿಲ್ಲ.

ಸುಧಾರಣೆ ಕಾಣಬೇಕಾದರೆ ಎರಡು ಪ್ರತಿ ಬೇಕು: ನೀವು ಕಳಿಸಿದ ಕಾಪಿ, ಹಿರಿಯರು ಕೆಂಪು ಗುರುತು ಹಾಕಿ ತಿದ್ದಿದ ಕಾಪಿ. ಅಚ್ಚಾದದ್ದನ್ನಷ್ಟೇ ಕತ್ತರಿಸಿಟ್ಟರೆ ಉಪಯೋಗವಿಲ್ಲ, ಅದರಲ್ಲಿ ನಿಮ್ಮದೆಷ್ಟು, ಅವರದೆಷ್ಟು ಎಂದು ತಿಳಿಯದು. ಪ್ರತಿ ತಿಂಗಳು 15ನೇ ತಾರೀಖು ದಾಟಿದ ಮೇಲೆ ಬರೆದ ಸಭೆಯ ವರದಿಗಳಲ್ಲಿ ಮೊದಲನೆಯದನ್ನು, ಅದು ಹೇಗೇ ಇರಲಿ, ತೆಗೆದಿಡಿ. ಚೆನ್ನಾಗಿ ಬಂದದ್ದನ್ನೇ ಆರಿಸಿದರೆ ಲೆಕ್ಕ ಕೆಡುತ್ತದೆ. ಸಭೆಯ ವರದಿಯನ್ನು ಅಪಘಾತದ ಸುದ್ದಿಗೆ ಹೋಲಿಸಿದರೂ ಅಷ್ಟೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದರೆ ಯೂನಿಕೋಡ್‌ಗೆ ಬದಲಿಸಿ ಉಳಿಸಿ, ಮುಂದೆ ಪದ ಹುಡುಕಲು ಬೇಕಾಗುತ್ತದೆ.

ಮೂರು ತಿಂಗಳಿಗೊಮ್ಮೆ ಇವನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಮೊದಲು ಗುರುತು ಬೀಳುವುದು ಲ–ಳ, ಅ–ಹ, ಅಲ್ಪಪ್ರಾಣ–ಮಹಾಪ್ರಾಣಗಳ ಮೇಲೆ. ಆಮೇಲೆ ವಾಕ್ಯದ ಮೇಲೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕರ್ತೃವನ್ನು ಆರಂಭದಲ್ಲೇ ಇಟ್ಟು ನಡುವೆ ಇಪ್ಪತ್ತು ಪದ ತುರುಕಿದರೆ ಯಾರ ಮಾತು ಎಂಬುದೇ ಓದುಗರಿಗೆ ಮರೆತುಹೋಗುತ್ತದೆ. ಕೊನೆಗೆ ಇಂಟ್ರೊ, ಅಂದರೆ ಸುದ್ದಿಯ ಮೊದಲ ಪ್ಯಾರಾದ ಮೇಲೆ: ಮುಖ್ಯ ವಿಷಯ ಅಲ್ಲಿರದೆ ನಾಲ್ಕನೇ ಪ್ಯಾರಾದಲ್ಲಿ ಹೂತುಹೋಗಿರುವುದು. ಕಾಗುಣಿತದ ಗುರುತು ಹೋಗಿ ಇಂಟ್ರೊ ಮೇಲೆ ಗುರುತು ಬೀಳುತ್ತಿದ್ದರೆ, ಸಂಖ್ಯೆ ಅಷ್ಟೇ ಇದ್ದರೂ ನೀವು ಬಹಳ ಮುಂದೆ ಬಂದಿದ್ದೀರಿ. ಕಾಗುಣಿತವೇ ಕೆಟ್ಟ ಕಾಪಿಯಲ್ಲಿ ಅಷ್ಟು ಒಳಗೆ ನೋಡಲು ಹಿರಿಯರಿಗೆ ಪುರುಸೊತ್ತಿರುವುದಿಲ್ಲ.

ಒಂದು ವಾಕ್ಯ ನೋಡಿ: ‘ಮಳೆಯಿಂದ ಹಾನಿಗೊಳಗಾದ ರಸ್ತೆಗಳ ದುರಸ್ತಿ ಕಾರ್ಯವನ್ನು ಶೀಘ್ರದಲ್ಲಿಯೇ ಕೈಗೊಳ್ಳಲಾಗುವುದು ಎಂದು ಲೋಕೋಪಯೋಗಿ ಇಲಾಖೆಯ ಅಧಿಕಾರಿಗಳು ತಿಳಿಸಿದ್ದಾರೆ.’ ತಿದ್ದಿದ ಮೇಲೆ: ‘ಮಳೆಗೆ ಹಾಳಾದ ರಸ್ತೆಗಳನ್ನು ಬೇಗ ದುರಸ್ತಿ ಮಾಡುತ್ತೇವೆ ಎಂದು ಲೋಕೋಪಯೋಗಿ ಇಲಾಖೆ ಅಧಿಕಾರಿಗಳು ಹೇಳಿದ್ದಾರೆ.’ 12 ಪದ 11 ಆಗಿದೆ, ಉಳಿತಾಯ ಒಂದೇ ಪದ. ಆದರೆ ‘ಕೈಗೊಳ್ಳಲಾಗುವುದು’ ಎಂಬಲ್ಲಿ ಮರೆಯಾಗಿದ್ದವರು ‘ಮಾಡುತ್ತೇವೆ’ ಎಂದಾಗ ಎದುರು ಬಂದು ನಿಂತರು. ಅಧಿಕಾರಿ ನಿಜಕ್ಕೂ ಹಾಗೆ ಹೇಳಿದರೇ ಎಂದು ವರದಿಗಾರರಿಗೆ ಫೋನ್ ಮಾಡಿ ಕೇಳದೆ ಹೀಗೆ ತಿದ್ದಬಾರದು.

ಹಳೆಯ ಮತ್ತು ಹೊಸ ಕಾಪಿಗಳಲ್ಲಿ ಮಾಡಿದವರನ್ನು ಹೀಗೆ ಮರೆಮಾಡುವ ‘ಲಾಗಿದೆ’, ‘ಲಾಗುವುದು’, ‘ಲಾಯಿತು’ ಹುಡುಕಿ ಎಣಿಸಿ. ಇದೊಂದನ್ನು ಮಾತ್ರ ಸಂಖ್ಯೆಯಲ್ಲೇ ನೋಡಬಹುದು. ಸೊನ್ನೆಗೆ ಇಳಿಸಬೇಕಿಲ್ಲ: ‘ಆರೋಪಿಯನ್ನು ಬಂಧಿಸಲಾಗಿದೆ’ ಎಂದರೆ ಬಂಧಿಸಿದವರು ಪೊಲೀಸರೇ ಎಂದು ಎಲ್ಲರಿಗೂ ಗೊತ್ತು, ಅದನ್ನು ಹಾಗೇ ಬಿಡಿ.